ಹಾಲಿನ ದುಡ್ಡು, ಫೋನಿನ ಎಲೆ: ಮಕ್ಕಳಿರುವ ಮನೆಗೆ ಒಂದಷ್ಟು ಕಿವಿಮಾತು

ಮೊನ್ನೆ ಸಂಜೆ ಡೈರಿಗೆ ಹಾಲು ಹಾಕಿ ಹೋಗುತ್ತಿದ್ದ ನನ್ನ ತಂಗಿಯ ಸೊಸೆ ನಮ್ಮ ಜಗಲಿ ಹತ್ತಿದಳು. ಕ್ಯಾನನ್ನು ಕೆಳಗಿಟ್ಟು ಸುಮ್ಮನೆ ಕೂತಳು. ಆಮೇಲೆ ಕೇಳಿದಳು: "ಮಾವ, ನಮ್ಮ ಹುಡುಗ ಫೋನಲ್ಲಿ ಎಲೆ ಆಡ್ತಾನೆ. ದುಡ್ಡು ಬತ್ತದೆ ಅಂತಾನೆ. ಇನ್ನೂರು ರೂಪಾಯಿ ಬಂದಿದ್ದು ನಾನೇ ಕಣ್ಣಾರೆ ನೋಡ್ದೆ. ಮಕ್ಕಳು ಆಡಬೌದಾ ಅದ?"

ಹುಡುಗನಿಗೆ ಹದಿನಾಲ್ಕು. ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಚುರುಕು.

"ಆಡಬಾರದು ಕಣವ್ವ" ಎಂದೆ. "ಯಾಕೆ ಅಂತ ಹೇಳಿ ಮಾವ, ಅವನು ಕೇಳಿದ್ರೆ ನಾನೇನು ಹೇಳ್ಲಿ" ಎಂದಳು. ಆ ಯಾಕೆಗೆ ಉತ್ತರ ಹೇಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತು. ಎದ್ದು ಹೋಗುವಾಗ, "ಇದನ್ನೆಲ್ಲ ಬರೆದುಕೊಡಿ, ಸಂಘದಲ್ಲಿ ಓದ್ತೀನಿ, ಎಲ್ಲರ ಮನೆಯಲ್ಲೂ ಇದೇ ಕಥೆ" ಎಂದಳು. ಕಿರುಗಾವಲು ಹೋಬಳಿಯ ಒಂದು ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಯಾರ ಮನೆಗೆ ಎಷ್ಟು ಬಟವಾಡೆ ಹೋಗುತ್ತದೆಂಬುದು ಬಾಯಿಪಾಠವಾಗಿತ್ತು. ಆ ದುಡ್ಡು ಆಮೇಲೆ ಯಾವ ದಾರಿ ಹಿಡಿಯುತ್ತಿತ್ತು ಎಂಬುದನ್ನೂ ಕಿಟಕಿಯಿಂದಲೇ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

• ಮೊದಲು ಎಲೆಯನ್ನು ಬೈಯಬೇಡಿ. ಇಸ್ಪೀಟ್ ಮುಟ್ಟಿದ ಮಾತ್ರಕ್ಕೆ ಮಗು ಕೆಟ್ಟಿತು ಅಂದರೆ ಅದು ನಿಮ್ಮ ಮಾತನ್ನೇ ನಂಬುವುದಿಲ್ಲ, ಯಾಕೆಂದರೆ ಯುಗಾದಿ ದಿನ ಅರಳಿಕಟ್ಟೆಯ ಮೇಲೆ ಅಪ್ಪ, ದೊಡ್ಡಪ್ಪ, ಮಾವ ಎಲ್ಲರೂ ಎಲೆ ಹಿಡಿದು ಕೂತಿದ್ದನ್ನು ಅದು ಕಂಡಿದೆ. ನಮ್ಮ ಸೀಮೆಗೆ ಎಲೆಯಾಟ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಆ ಆಟಗಳ ವಿವರವಿದೆ. ಆಟೀನು, ಕಳಾವರ್, ಡೈಮನ್, ಇಸ್ಪೀಟ್ ಎಂದು ಎಲೆ ಜೋಡಿಸುವಾಗ ಮಗುವಿನ ನೆನಪು, ಲೆಕ್ಕ, ತಾಳ್ಮೆ ಮೂರೂ ಬೆಳೆಯುತ್ತವೆ. ಹಾಳು ಮಾಡುವುದು ಎಲೆಗೆ ಅಂಟಿಕೊಂಡ ದುಡ್ಡು, ಅದರಲ್ಲೂ ಯಾರಿಗೂ ಕಾಣದಂತೆ ಹೋಗುವ ದುಡ್ಡು. ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದರೆ ಮಗುವಿಗೆ ಅರ್ಥವಾಗುತ್ತದೆ.

• ಫೋನಿಗೂ ಅರಳಿಕಟ್ಟೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿ. ಕಟ್ಟೆಯ ಮೇಲೆ ಎಲೆ ಕಲೆಸಬೇಕು, ಹಂಚಬೇಕು, ನಡುವೆ ಬೀಡಿ, ಜಗಳ, ಟೀ. ಒಂದು ಆಟ ಮುಗಿಯಲು ಹತ್ತು ಹದಿನೈದು ನಿಮಿಷ. ಜೇಬಿನ ನೋಟು ಕರಗುವುದು ಕೈಗೆ ಗೊತ್ತಾಗುತ್ತದೆ. ಹೆಂಡತಿ ಊಟಕ್ಕೆ ಕರೆಯುತ್ತಾಳೆ, ಹಿರಿಯನೊಬ್ಬ "ಸಾಕು ಏಳಪ್ಪ" ಅನ್ನುತ್ತಾನೆ, ಕತ್ತಲಾದರೆ ಎಲೆಯೇ ಕಾಣುವುದಿಲ್ಲ. ಫೋನಿನಲ್ಲಿ ಇವು ಒಂದೂ ಇಲ್ಲ. ಎರಡು ಮೂರು ನಿಮಿಷಕ್ಕೆ ಒಂದಾಟ. ಸೋತ ಕ್ಷಣದಲ್ಲೇ ಮುಂದಿನ ಆಟದ ಗುಂಡಿ ಬೆರಳ ಕೆಳಗಿರುತ್ತದೆ. ರಾತ್ರಿ ಎರಡಕ್ಕೂ ಎದುರಾಳಿ ಸಿಗುತ್ತಾನೆ. ಸಾಕು ಅನ್ನುವವರು ಯಾರೂ ಇಲ್ಲ. ದೊಡ್ಡವರಿಗೇ ಏಳಲು ಆಗದ ಕಡೆ ಹದಿನಾಲ್ಕರ ಹುಡುಗನನ್ನು ಒಬ್ಬನನ್ನೇ ಕೂರಿಸಿ, ಅವನಾಗಿಯೇ ಏಳಬೇಕು ಅನ್ನುವುದು ನ್ಯಾಯವಲ್ಲ.

• ಕಂಡದ್ದನ್ನು ಹೇಳುತ್ತೇನೆ. ತೊಂಬತ್ತರ ದಶಕದಿಂದ ನಮ್ಮ ಪೇಟೆಗಳಲ್ಲೆಲ್ಲ ಲಾಟರಿ ಅಂಗಡಿಗಳಿದ್ದವು. ಒಂದಂಕಿ ಲಾಟರಿ ಬಂದ ಮೇಲಂತೂ ದಿನಕ್ಕೆ ಹಲವು ಸಲ ಫಲಿತಾಂಶ. ಬಟವಾಡೆ ದಿನ ನನ್ನ ಕಿಟಕಿಯಲ್ಲಿ ನೋಟು ಎಣಿಸಿಕೊಂಡವರಲ್ಲಿ ಕೆಲವರು ಮನೆ ಕಡೆ ತಿರುಗುತ್ತಲೇ ಇರಲಿಲ್ಲ, ನೆಟ್ಟಗೆ ಬಸ್ ಹತ್ತುತ್ತಿದ್ದರು. ಮಾರನೆ ದಿನ ಹೆಂಗಸರು ಬಂದು "ಈ ಸಲ ಬಟವಾಡೆ ಆಗಲಿಲ್ವಾ ಸ್ವಾಮಿ" ಅಂತ ಕೇಳುವರು. ಆಯಿತು ಅನ್ನಲು ನಾಲಿಗೆ ಏಳುತ್ತಿರಲಿಲ್ಲ. 2007ರಲ್ಲಿ ನಮ್ಮ ರಾಜ್ಯ ಲಾಟರಿ ನಿಲ್ಲಿಸಿತು, ಅದೇ ವರ್ಷ ಸಾರಾಯಿಯೂ ನಿಂತಿತು. ಅಂಗಡಿಗಳ ಬಾಗಿಲು ಹಾಕಿದ ಮೇಲೆ ಎಷ್ಟೋ ಮನೆಗಳ ಒಲೆ ನೆಟ್ಟಗೆ ಉರಿದದ್ದನ್ನು ನೋಡಿದ್ದೇನೆ. ಈಗ ಬಟವಾಡೆಗೆ ಕಿಟಕಿಯೇ ಇಲ್ಲ, ದುಡ್ಡು ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಒಳ್ಳೆಯದೇ. ಆದರೆ ಅಂದು ದುಡ್ಡು ಕಳೆಯಬೇಕಾದರೆ ಊರು ದಾಟಬೇಕಿತ್ತು, ಯಾರಾದರೂ ನೋಡುತ್ತಿದ್ದರು. ಇಂದು ಕೊಟ್ಟಿಗೆ ಪಕ್ಕದ ಚಾಪೆಯ ಮೇಲೆ ಮಲಗಿಕೊಂಡೇ ಕಳೆಯಬಹುದು, ಅದೂ ಮೀಸೆ ಮೂಡದ ಹುಡುಗ.

• "ತಾತ, ರಮ್ಮಿ ಜೂಜಲ್ಲ, ಸ್ಕಿಲ್ ಗೇಮ್, ಸುಪ್ರೀಂ ಕೋರ್ಟೇ ಹೇಳಿದೆ" ಎಂದು ಹುಡುಗ ನನಗೇ ಪಾಠ ಮಾಡಿದ. ಇದು ಜಾಹೀರಾತುಗಳು ವರ್ಷಗಟ್ಟಲೆ ಕಲಿಸಿದ ಮಾತು. ಅರ್ಧ ನಿಜವಾದ್ದರಿಂದ ಉತ್ತರ ಗೊತ್ತಿರಬೇಕು. 1968ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟು ಕೈಯಲ್ಲಿರುವುದನ್ನು ಕಟ್ಟಬೇಕಾದ್ದರಿಂದ ರಮ್ಮಿಯಲ್ಲಿ ಚಾಣಾಕ್ಷತನವೇ ಹೆಚ್ಚು ಎಂದದ್ದು ನಿಜ. ಮೂರೆಲೆ ಆಟದ ಹಾಗೆ ಇದು ಬರೀ ಅದೃಷ್ಟದ್ದಲ್ಲ ಎಂದೂ ಅಂದಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಪಣ ಕಟ್ಟಿ ಆಡುವ ಆಟದಿಂದ ಆ ಜಾಗದ ಯಜಮಾನ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು. ಜಾಹೀರಾತು ಮೊದಲ ಮಾತನ್ನು ಹೇಳಿತು, ಎರಡನೆಯದನ್ನು ನುಂಗಿತು. ಆಪ್ ಎಂಬ ಮನೆಯ ಯಜಮಾನ ಬದುಕುವುದೇ ಪ್ರತಿ ಆಟದಲ್ಲಿ ಎತ್ತಿಕೊಳ್ಳುವ ಪಾಲಿನಿಂದ. ಮೇಲಾಗಿ ಆ ತೀರ್ಪು ಎದುರುಬದುರು ಕೂತ ದೊಡ್ಡವರ ಬಗ್ಗೆ. ಮಕ್ಕಳು ಆಡಬಹುದು ಎಂದು ಯಾವ ಕೋರ್ಟೂ ಯಾವತ್ತೂ ಹೇಳಿಲ್ಲ. ದುಡ್ಡಿನ ಆಪ್‌ಗಳು ಬಹಿರಂಗವಾಗಿ ನಡೆಯುತ್ತಿದ್ದ ಕಾಲದಲ್ಲೂ ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಅವೇ ಬರೆದುಕೊಂಡಿದ್ದವು. ಮಕ್ಕಳು ಆಡಿದ್ದು ಅಪ್ಪನ ಪ್ಯಾನ್ ಕಾರ್ಡಿನಲ್ಲಿ, ಅಮ್ಮನ ನಂಬರಿನಲ್ಲಿ.

• ಲೆಕ್ಕ ಹಾಕಿಸಿ. ನಾನು ಹುಡುಗನಿಗೆ ಪೆನ್ಸಿಲ್ ಕೊಟ್ಟು ಕೂರಿಸಿದೆ. ಆರು ಜನ ತಲಾ ನೂರು ರೂಪಾಯಿ ಇಟ್ಟುಕೊಂಡು ಕೂತರು ಅನ್ನು. ಒಟ್ಟು ಆರುನೂರು. ಆಟಕ್ಕೆ ತಲಾ ಹತ್ತು ರೂಪಾಯಿ, ಅಂದರೆ ಕಟ್ಟೆಗೆ ಅರವತ್ತು. ಆಡಿಸುವವನು ಹತ್ತರಲ್ಲಿ ಒಂದು ಪಾಲು ಎತ್ತುತ್ತಾನೆ ಅನ್ನು, ಆಟಕ್ಕೆ ಆರು ರೂಪಾಯಿ. ಹತ್ತಾಟಕ್ಕೆ ಅರವತ್ತು. ನೂರಾಟಕ್ಕೆ? ಹುಡುಗ ಬರೆದ: ಆರುನೂರು. ಪೆನ್ಸಿಲ್ ಅಲ್ಲೇ ನಿಂತಿತು. "ತಾತ, ಹಂಗಾದ್ರೆ ಆರು ಜನದ್ದೂ ಹೋಯ್ತಲ್ಲ, ಗೆದ್ದೋರು ಯಾರು?" ಆ ಪ್ರಶ್ನೆ ಅವನಾಗಿಯೇ ಕೇಳಲಿ ಅಂತಲೇ ನಾನು ಕಾದಿದ್ದೆ. ಆಟಕ್ಕೆ ಮೂರು ನಿಮಿಷ ಹಿಡಿದರೆ ನೂರಾಟಕ್ಕೆ ಐದು ಗಂಟೆ, ಒಂದು ಭಾನುವಾರದ ಮಧ್ಯಾಹ್ನ ಅಷ್ಟೆ. ಜಾಣನಾದವನು ಉಳಿದ ಐವರಿಗಿಂತ ನಿಧಾನವಾಗಿ ಸೋಲಬಹುದು, ಅಥವಾ ಅವರದ್ದನ್ನು ಗೆದ್ದು ಆಮೇಲೆ ತನಗಿಂತ ಜಾಣರ ನಡುವೆ ಹೋಗಿ ಕೂರಬಹುದು. ನಷ್ಟವೇ ಇಲ್ಲದೆ ಕೂತಿರುವವನು ಆಡಿಸುವವನೊಬ್ಬನೇ.

• ರೂಪಾಯಿಯಲ್ಲಿ ಹೇಳಬೇಡಿ, ಲೀಟರಿನಲ್ಲಿ ಹೇಳಿ. ಪಾಯಿಂಟ್ ರಮ್ಮಿಯಲ್ಲಿ ಪೂರ್ತಿ ಸೋತರೆ ಎಂಬತ್ತು ಪಾಯಿಂಟ್, ಅದನ್ನೇ ಫುಲ್ ಕೌಂಟ್ ಅನ್ನುವುದು. ಮೊದಲೇ ಎಲೆ ಇಟ್ಟರೂ ಇಪ್ಪತ್ತು, ನಡುವೆ ಬಿಟ್ಟರೆ ನಲವತ್ತು. ಪಾಯಿಂಟಿಗೆ ಎರಡೇ ರೂಪಾಯಿ ಅಂತ ಹುಡುಗರು ಹಗುರವಾಗಿ ಅನ್ನುತ್ತಾರೆ. ಎಂಬತ್ತಕ್ಕೆ ನೂರರವತ್ತು. ಲೀಟರಿಗೆ ಮೂವತ್ತೈದು ಹಿಡಿದರೆ ನಾಲ್ಕೂವರೆ ಲೀಟರು ಹಾಲು. ಬೆಳಗ್ಗೆ ಐದಕ್ಕೆ ಎದ್ದು, ಸಗಣಿ ಬಾಚಿ, ಬೂಸಾ ಕಲೆಸಿ, ಕೆಚ್ಚಲು ತೊಳೆದು ನಿಮ್ಮವ್ವ ಕರೆದ ಒಂದು ಹೊತ್ತಿನ ಹಾಲು ಮೂರು ನಿಮಿಷದಲ್ಲಿ ಚೆಲ್ಲಿತು. ಹುಡುಗನಿಗೆ ಇದನ್ನು ಹೇಳಿದಾಗ ಅವನು ತಲೆ ಎತ್ತಲಿಲ್ಲ. ಕಬ್ಬು ಬೆಳೆಯುವ ಮನೆಯಾದರೆ ಟನ್ನಿನ ಲೆಕ್ಕ ಹೇಳಿ, ರೇಷ್ಮೆ ಸಾಕುವ ಮನೆಯಾದರೆ ಗೂಡಿನ ಲೆಕ್ಕ. ಕೂಲಿಗೆ ಹೋಗುವವರು ದಿನಗಳ ಲೆಕ್ಕ ಹೇಳಿ.

• ಮೊದಲ ಗೆಲುವಿಗೆ ಖುಷಿಪಡಬೇಡಿ. ತಾಯಂದಿರಿಗೆ ಇದನ್ನು ಕೈಮುಗಿದು ಹೇಳುತ್ತೇನೆ. ಆ ಇನ್ನೂರು ರೂಪಾಯಿ ಬಂದಾಗ ನನ್ನ ತಂಗಿಯ ಸೊಸೆ, "ಪರವಾಗಿಲ್ಲ, ಬುದ್ಧಿವಂತ" ಅಂದಿದ್ದಳಂತೆ. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತು. ಅವಳ ತಪ್ಪಲ್ಲ. ಹೊಸಬನಿಗೆ ಬೋನಸ್ ಕೊಟ್ಟು, ಸಣ್ಣ ಮೊತ್ತದ ಮೇಜಿನಲ್ಲಿ ರುಚಿ ಹತ್ತಿಸುವುದು ಈ ಧಂದೆಯ ಹಳೆಯ ವರಸೆ, ಮೀನಿಗೆ ಎರೆಹುಳು ಹಾಕಿದ ಹಾಗೆ. ಗೆದ್ದದ್ದು ಯಾವಾಗ, ಸೋತದ್ದು ಯಾವಾಗ ಎಂಬುದಕ್ಕೆ ತಾಳಮೇಳ ಇಲ್ಲದಿರುವುದೇ ಮಗುವನ್ನು ಹಿಡಿದಿಡುತ್ತದೆ. ಪ್ರತಿ ಸಲ ಸೋತರೆ ಬೇಸತ್ತು ಎದ್ದೀತು. ಏಳು ಸಲ ಸೋತು ಎಂಟನೆಯ ಸಲ ಗೆದ್ದರೆ ಎದ್ದು ಬರಲಾರದು. ಒಂದೇ ಒಂದು ಎಲೆಯಿಂದ ತಪ್ಪಿತು ಅನ್ನಿಸಿದಾಗ ಅದು ಸೋಲಿನಂತೆ ಕಾಣುವುದೇ ಇಲ್ಲ, ಇನ್ನೇನು ಗೆದ್ದೆ ಅನ್ನಿಸುತ್ತದೆ. ಮೊದಲ ಗೆಲುವಿನ ದಿನವೇ ಕೂತು ಮಾತಾಡಬೇಕು.

• ಕಾನೂನು ಏನು ಹೇಳುತ್ತದೆ ಎಂದು ಮನೆಯಲ್ಲಿ ತಿಳಿದಿರಲಿ. ಕರ್ನಾಟಕ ಸರ್ಕಾರ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿರುವ ಆನ್‌ಲೈನ್ ಆಟ ನಿಷೇಧಿಸಿತ್ತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ವರ್ಷಕ್ಕೆ ಸುಮಾರು 45 ಕೋಟಿ ಜನ ಹತ್ತಿರ ಹತ್ತಿರ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಕೇಂದ್ರ ಸರ್ಕಾರ ಕೊಟ್ಟ ಅಂದಾಜು. ಈ ಕಾಯ್ದೆಯ ಮುಂದೆ ಸ್ಕಿಲ್ಲೋ ಅದೃಷ್ಟವೋ ಎಂಬ ವಾದ ನಡೆಯುವುದಿಲ್ಲ; ದುಡ್ಡು ಹಾಕಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ಸರಿ, ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷದವರೆಗೆ. ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ. ಅವರನ್ನು ನೊಂದವರೆಂದೇ ಕಾಯ್ದೆ ನೋಡುತ್ತದೆ. ದೊಡ್ಡ ಕಂಪನಿಗಳು ಆ ದಿನಗಳಲ್ಲೇ ದುಡ್ಡಿನಾಟ ನಿಲ್ಲಿಸಿದವು. ಕಾಯ್ದೆಯ ವಿರುದ್ಧ ನಮ್ಮ ಹೈಕೋರ್ಟ್ ಸೇರಿ ಬೇರೆ ಬೇರೆ ಕಡೆ ಹೂಡಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು.

• ಹಾಗಾದರೆ ನಮ್ಮ ಹುಡುಗನ ಫೋನಿಗೆ ಆ ದುಡ್ಡಿನಾಟ ಎಲ್ಲಿಂದ ಬಂತು? ವಾಟ್ಸ್ಆ್ಯಪ್‌ನಲ್ಲಿ ಗೆಳೆಯನೊಬ್ಬ ಕಳಿಸಿದ ಲಿಂಕ್‌ನಿಂದ. "ನಿನ್ನ ಲಿಂಕಿನಿಂದ ಒಬ್ಬ ಸೇರಿದರೆ ನಿನಗಿಷ್ಟು" ಎಂಬ ಆಸೆ ಅದರ ಬಾಲದಲ್ಲೇ ಇತ್ತು. ಪ್ಲೇ ಸ್ಟೋರ್‌ನಲ್ಲಿ ಇಲ್ಲದ, ಲಿಂಕ್ ಒತ್ತಿ ಇಳಿಸಿಕೊಳ್ಳುವ ಇಂಥ ಆಪ್‌ಗಳಿಗೆ ಊರಿಲ್ಲ, ವಿಳಾಸವಿಲ್ಲ. ದುಡ್ಡು ಹೋಗುವುದು ಯಾರದೋ ಹೆಸರಿನ ಯುಪಿಐಗೆ. ಗೆದ್ದದ್ದು ಕೈಗೆ ಬರದಿದ್ದರೆ ಕೇಳುವುದು ಯಾರನ್ನು? ಫೋನಿನಲ್ಲಿರುವ ಫೋಟೋ, ನಂಬರು, ಮೆಸೇಜು ನೋಡಲೂ ಅವು ಅನುಮತಿ ಕೇಳುತ್ತವೆ, ಮಕ್ಕಳು ಓದದೆಯೇ ಹೂಂ ಒತ್ತುತ್ತಾರೆ. ಫೋನಿನ ಸೆಟ್ಟಿಂಗ್‌ನಲ್ಲಿ ಹೊರಗಿನ ಆಪ್ ಇಳಿಸಿಕೊಳ್ಳುವ ಅನುಮತಿ ಬಂದ್ ಮಾಡಿಸಿ. ಗೊತ್ತಾಗದಿದ್ದರೆ ಮೊಬೈಲ್ ಅಂಗಡಿಯವರು ಮಾಡಿಕೊಡುತ್ತಾರೆ.

• ಯುಪಿಐ ಪಿನ್ ಮನೆಯ ಬೀರುವಿನ ಬೀಗದಕೈ ಇದ್ದ ಹಾಗೆ. "ನಂಗೆ ಓದೋಕೆ ಬರಲ್ಲ, ಮಗನೇ ಒತ್ತಿಕೊಡ್ತಾನೆ" ಅಂತ ನಮ್ಮ ಹೆಂಗಸರು ಎಷ್ಟು ಜನ ಅನ್ನುತ್ತೀರಿ. ಅಂಗಡಿಗೆ ಕೊಡುವ ದುಡ್ಡನ್ನೂ ಹುಡುಗನೇ ಒತ್ತುತ್ತಾನೆ, ಹಾಲಿನ ದುಡ್ಡು ಬಂತಾ ಅಂತ ನೋಡುವವನೂ ಅವನೇ, ಗೃಹಲಕ್ಷ್ಮಿಯ ಎರಡು ಸಾವಿರ ಬಿದ್ದ ಮೆಸೇಜು ಓದುವವನೂ ಅವನೇ. ಅಂಕಿ ನಾಲ್ಕೋ ಆರೋ ಅಷ್ಟೆ. ಹಸುವಿನ ಕಿವಿಯೋಲೆಯ ನಂಬರು ನೆನಪಿಡುವ ನಿಮಗೆ ಅದು ಕಷ್ಟವಲ್ಲ. ಇಂದೇ ಪಿನ್ ಬದಲಿಸಿ, ನೀವೇ ಒತ್ತಿ. ಯುಪಿಐ ಲೈಟ್ ಅಂತ ಒಂದಿದೆ, ಅದರಲ್ಲಿ ಸಣ್ಣ ಮೊತ್ತ ಪಿನ್ ಕೇಳದೆಯೇ ಹೋಗುತ್ತದೆ. ಅದು ಚಾಲೂ ಇದ್ದರೆ ಬಂದ್ ಮಾಡಿಸಿ. ತಾನಾಗಿ ದುಡ್ಡು ಕಡಿತವಾಗುವ ಆಟೋಪೇ ಏನಾದರೂ ಇದೆಯೇ ಎಂದೂ ನೋಡಿಸಿ.

• ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ. ಮೆಸೇಜು ಅಳಿಸಬಹುದು, ಪಾಸ್‌ಬುಕ್ಕಿನ ಗೆರೆ ಅಳಿಯುವುದಿಲ್ಲ.

• ನಿಮ್ಮ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ, ಮಕ್ಕಳ ಕೈಲೂ ಕೊಡಿಸಬೇಡಿ. ಇದು ಜೂಜಿಗಿಂತ ದೊಡ್ಡ ಗುಂಡಿ. "ನಿಮ್ಮ ಅಕೌಂಟಿಗೆ ದುಡ್ಡು ಬರ್ತದೆ, ಅದನ್ನ ಮುಂದಕ್ಕೆ ಕಳಿಸಿ, ನೂರಕ್ಕೆ ಎರಡು ನಿಮಗೆ" ಅಂತ ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಜೂಜಿನ, ಮೋಸದ ದುಡ್ಡು ಓಡಾಡುವುದು ಇಂಥ ಬಡ ಖಾತೆಗಳ ಮೂಲಕವೇ. ಎಲ್ಲೋ ದೂರದ ಊರಿನಲ್ಲಿ ಯಾರೋ ದೂರು ಕೊಟ್ಟ ದಿನ ಪೊಲೀಸರು ನಿಮ್ಮ ಖಾತೆ ತಡೆಹಿಡಿಸುತ್ತಾರೆ. ಆಗ ಹಾಲಿನ ಬಟವಾಡೆ, ಗೃಹಲಕ್ಷ್ಮಿ, ನರೇಗಾ ಕೂಲಿ, ಕಬ್ಬಿನ ಬಿಲ್ಲು ಎಲ್ಲವೂ ಒಳಗೇ ಸಿಕ್ಕಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆಯಬೇಕು. ಕಂಡವರ ಕೈಗೆ ಆಧಾರ್, ಪ್ಯಾನ್ ಜೆರಾಕ್ಸ್, ಹೊಸ ಸಿಮ್ ಕೊಡುವುದೂ ಇಷ್ಟೇ ಅಪಾಯ.

• ಮಗು ದುಡ್ಡಿನಾಟಕ್ಕೆ ಬಿದ್ದಿರುವ ಗುರುತುಗಳು: ಫೋನನ್ನು ಬೋರಲು ಹಾಕಿ ಇಡುವುದು. ಕೊಟ್ಟಿಗೆಗೋ ತೆಂಗಿನ ಬುಡಕ್ಕೋ ಹೋಗಿ ಕೂರುವುದು. ಬಟವಾಡೆ ದಿನ ಯಾವುದೆಂದು ನಿಮಗಿಂತ ಮೊದಲೇ ಅವನಿಗೆ ಗೊತ್ತಿರುವುದು. ಅಂಗಡಿಯವನು ಸಾಲದ ಬಾಕಿ ಕೇಳುವುದು. ಕಬಡ್ಡಿಗೆ ಕರೆದರೂ ಹೋಗದಿರುವುದು. ಒಂದೆರಡು ಕಂಡರೆ ಗಾಬರಿ ಬೇಡ, ಎಲ್ಲವೂ ಸೇರಿ ಕಂಡರೆ ತಡಮಾಡಬೇಡಿ.

• ಗಂಡಸರಿಗೆ ಒಂದು ಮಾತು. ನಾವು ಯುಗಾದಿಯ ಹೊಸತೊಡಕಿನ ದಿನ ಬಾಡೂಟ ಮುಗಿಸಿ ಕಟ್ಟೆಗೆ ಹೋಗಿ ಕೂರುತ್ತೇವೆ. ಹಬ್ಬಕ್ಕೆ ಆಡದಿದ್ದರೆ ಆಗುತ್ತಾ ಅನ್ನುತ್ತೇವೆ. ಹಿಂದೆ ನಿಂತ ಹುಡುಗನ ಕೈಗೆ ಹತ್ತು ರೂಪಾಯಿ ಕೊಟ್ಟು "ನೀನೇ ಇಡು, ನಿನ್ನ ಕೈ ಒಳ್ಳೇದು" ಅನ್ನುತ್ತೇವೆ. ನಾನೂ ಅಂದವನೇ. ಈ ಹುಡುಗನಿಗೇ ಅಂದಿದ್ದೇನೆ, ಅವನಿಗೆ ಆಗ ಏಳೋ ಎಂಟೋ. ಅವತ್ತು ಅವನಿಟ್ಟದ್ದು ಬಂತು, ಎಲ್ಲರೂ ಬೆನ್ನು ತಟ್ಟಿದರು. ಈಗ ಯೋಚಿಸಿದರೆ ಮೊದಲ ಬೋನಸ್ ಕೊಟ್ಟವನು ನಾನೇ ಅನ್ನಿಸಿ ರಾತ್ರಿ ನಿದ್ದೆ ಹತ್ತುವುದಿಲ್ಲ. ಇಸ್ಪೀಟ್ ಅಡ್ಡೆ ಮೇಲೆ ದಾಳಿ ಎಂದು ಪೇಪರಿನಲ್ಲಿ ಓದಿ ನಾವು ದಾಟಿಹೋಗುತ್ತೇವೆ, ಹಬ್ಬದ ಕಟ್ಟೆ ಬೇರೆ ಅಂದುಕೊಳ್ಳುತ್ತೇವೆ. ಮಗುವಿನ ಕಣ್ಣಿಗೆ ಎರಡೂ ಒಂದೇ. ಮುಂದಿನ ಯುಗಾದಿಗೆ ನಮ್ಮ ಬೀದಿಯ ಕಟ್ಟೆಯ ಮೇಲೆ ದುಡ್ಡು ಇಡುವುದಿಲ್ಲವೆಂದು ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ.

• ದುಡ್ಡು ಹೋಗಿದೆ ಎಂದು ಗೊತ್ತಾದ ದಿನ ಕೈ ಎತ್ತಬೇಡಿ. ಇಲ್ಲಿ ನಿಧಾನವಾಗಿ ಓದಿ. ಸೋತ ಮಗು ನಿಮಗಿಂತ ಮೊದಲೇ ಹೆದರಿರುತ್ತದೆ. ಎಷ್ಟು ದಿನದಿಂದ ಆ ಭಾರ ಹೊತ್ತು ಶಾಲೆಗೆ ಹೋಗಿಬಂದಿತೋ ಏನೋ. ಬೀದಿಯವರಿಗೆ ಕೇಳುವಂತೆ ಬೈದರೆ, ಅಪ್ಪ ಬರಲಿ ತಾಳು ಎಂದು ಹೆದರಿಸಿದರೆ, ಅದು ಮುಂದೆ ಎಂಥ ಕಷ್ಟ ಬಂದರೂ ನಿಮ್ಮ ಬಳಿ ಬರುವುದಿಲ್ಲ. ಮೊದಲ ಮಾತು ಇದಾಗಲಿ: "ಹೋದದ್ದು ದುಡ್ಡು, ದುಡಿದುಕೊಳ್ಳೋಣ, ನೀನು ನಮ್ಮ ಜೊತೆ ಇರು." ಎಷ್ಟು ಹೋಯಿತು ಎಂಬುದನ್ನು ಎರಡನೆಯ ದಿನ ಕೇಳಿದರೂ ನಡೆಯುತ್ತದೆ. ಆ ವಾರ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಜ್ಜಿಯ ಪಕ್ಕ ಮಲಗಲಿ. ಹೊಲದ ಔಷಧಿ ಡಬ್ಬಿಗಳಿಗೆ ಬೀಗ ಇರಲಿ, ಅದು ಯಾವ ಕಾಲಕ್ಕೂ ಇರಬೇಕಾದ್ದೇ.

• ಹೆದರಿಸಿ ದುಡ್ಡು ಕೀಳುವವರಿದ್ದರೆ ಮಗುವಿಗೆ ಇದನ್ನು ಹೇಳಿ: 1872ರ ಕರಾರು ಕಾಯ್ದೆ ಪ್ರಕಾರ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಜೂಜಿನಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ಯಾರೂ ಕೋರ್ಟಿಗೆ ಹೋಗಲಾರರು. "ಕೇಸ್ ಹಾಕ್ತೀವಿ" ಎಂಬ ಮೆಸೇಜು ಬರೀ ಬೆದರಿಕೆ. ಅದನ್ನು ಅಳಿಸದೆ ಇಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ. ಹೋದದ್ದನ್ನು ತುಂಬಲು ಫೋನಿನ ಸಾಲದ ಆಪ್ ಮಾತ್ರ ಮುಟ್ಟಬಾರದು.

• ಮೋಸ ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು, ನಾಳೆ ನೋಡೋಣ ಅನ್ನಬೇಡಿ. ಆಮೇಲೆ ಮಂಡ್ಯದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಪಾಸ್‌ಬುಕ್, ಮೆಸೇಜು, ಲಿಂಕು ಎಲ್ಲ ತೆಗೆದುಕೊಂಡು ಹೋಗಿ.

• ಬಿಡಬೇಕೆಂದರೂ ಬಿಡಲಾಗದಿದ್ದರೆ ಅದು ಕಾಯಿಲೆ, ಕೆಟ್ಟತನವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಜೂಜಿನ ಚಟ, ಗೇಮಿಂಗ್ ಚಟ ಎರಡನ್ನೂ ಸೇರಿಸಿದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಯಾವಾಗಲೂ, ಕನ್ನಡದಲ್ಲೇ, ಪುಕ್ಕಟೆ ಮಾತಾಡುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಚಟಕ್ಕೆಂದೇ ಶಟ್ ಎಂಬ ಕ್ಲಿನಿಕ್ 2014ರಿಂದ ಇದೆ. ದೇವಸ್ಥಾನಕ್ಕೆ ಹರಕೆ ಕಟ್ಟಿಕೊಳ್ಳುವವರು ಕಟ್ಟಿಕೊಳ್ಳಿ, ಡಾಕ್ಟರ ಹತ್ತಿರವೂ ಹೋಗಿ.

• ಕಸಿದುಕೊಂಡ ಕೈಗೆ ಬೇರೇನಾದರೂ ಕೊಡಬೇಕು. ಎಲೆ ಬೇಕೆಂದರೆ ಎಲೆಯನ್ನೇ ಕೊಡಿ, ಪಣಕ್ಕೆ ಹುಣಸೆ ಬೀಜ ಇಡಿ. ನಮ್ಮ ಮನೆಯಲ್ಲಿ ಈಗ ಭಾನುವಾರ ಕತ್ತೆ ಆಟ, ಚೌಕಾಬಾರ ನಡೆಯುತ್ತದೆ. ನನ್ನ ಹೆಂಡತಿ ಅಳಗುಳಿಮಣೆ ಕೆಳಗಿಳಿಸಿದ್ದಾಳೆ, ಅವಳನ್ನು ಸೋಲಿಸಲು ಹುಡುಗನಿಗೆ ಇನ್ನೂ ಆಗಿಲ್ಲ. ಅವನು ಚುರುಕು ಅಂದೆನಲ್ಲ. ಅದಕ್ಕೇ ಅವನನ್ನು ನಮ್ಮೂರಿನ ಬಡಾ ಬಾಗ್‌ಗೆ ಕರೆದುಕೊಂಡು ಹೋದೆ. ಸೈಯದ್ ಘನಿ ಖಾನ್ ಅವರ ಮನೆತನಕ್ಕೆ ಟಿಪ್ಪು ಕಾಲದಿಂದ ಬಂದ ಮಾವಿನ ತೋಪು ಅದು. ನೂರಕ್ಕೂ ಹೆಚ್ಚು ಬಗೆಯ ಮಾವು, ಅವರು ಕೂಡಿಸಿ ಉಳಿಸಿಕೊಂಡು ಬಂದ ಭತ್ತದ ತಳಿಗಳೇ ಸಾವಿರ ಮೀರುತ್ತವೆ. ತೆನೆಯ ಬಣ್ಣ, ಕಾಳಿನ ಉದ್ದ, ಮುಳ್ಳು ನೋಡಿ ತಳಿ ಗುರುತಿಸಬೇಕು. ಐವತ್ತೆರಡು ಎಲೆ ನೆನಪಿಡುವುದಕ್ಕಿಂತ ಅದು ಕಷ್ಟ. ಹುಡುಗ ಎರಡು ಗಂಟೆ ಫೋನ್ ಮುಟ್ಟಲಿಲ್ಲ.

• ಮನೆಯ ಲೆಕ್ಕವನ್ನು ಮಗುವಿನ ಕೈಗೇ ಕೊಡಿ, ದುಡ್ಡನ್ನಲ್ಲ. ಆ ಹುಡುಗ ಒಟ್ಟು ನಾಲ್ಕು ಸಾವಿರದ ಒಂಬೈನೂರು ಕಳೆದಿದ್ದ. ದಿನಕ್ಕೆ ಹದಿನಾಲ್ಕು ಲೀಟರಿನಂತೆ ಹತ್ತು ದಿನದ ಹಾಲು. ಅವನವ್ವ ಬೈಯಲಿಲ್ಲ. ಒಂದು ನೂರು ಹಾಳೆಯ ನೋಟ್‌ಬುಕ್ ತಂದುಕೊಟ್ಟು, "ನಾಳೆಯಿಂದ ಡೈರಿ ಲೆಕ್ಕ ನೀನೇ ಬರಿ" ಎಂದಳು. ಈಗ ಎರಡು ಹೊತ್ತೂ ಕ್ಯಾನಿನ ಒಂದು ಬದಿ ಹಿಡಿದು ಅವನೂ ಬರುತ್ತಾನೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ ಬರೆದುಕೊಳ್ಳುತ್ತಾನೆ. ಬೂಸಾ, ಹಿಂಡಿಯ ಖರ್ಚು ಎಡಗಡೆ, ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಬೇರೆ ಕಾಲಮ್ಮಿನಲ್ಲಿ. ನಿನ್ನೆ ಜಗಲಿಗೆ ಬಂದು ಪುಸ್ತಕ ತೋರಿಸಿ, "ತಾತ, ಹಿಂಡಿ ಬದಲಾಯಿಸಿದ ಮೇಲೆ ಫ್ಯಾಟು 3.8ರಿಂದ 4.1ಕ್ಕೆ ಹೋಯ್ತು ನೋಡಿ" ಎಂದ.